ಓಟಕ್ಕೆ ಹೆದರಬೇಡಿ, ಮಧ್ಯಾಹ್ನದ ನಿದ್ದೆಗೆ ಹೆದರಿ

ಪ್ರಶ್ನೆ: ಸರ್, ನನಗೆ 24 ವರ್ಷ. ಲಗ್ಗೆರೆಯಲ್ಲಿ ಅಮ್ಮನ ಜೊತೆ ಇದ್ದೇನೆ. ಬಿಎ ಮುಗಿಸಿ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಎರಡು ವರ್ಷ ಕ್ವಾಲಿಟಿ ಚೆಕಿಂಗ್ ಮಾಡಿದೆ. ಈಗ ಸಿವಿಲ್ ಕಾನ್‌ಸ್ಟೆಬಲ್ ಆಗಿ ಆಯ್ಕೆಯಾಗಿದ್ದೇನೆ, ತರಬೇತಿಗೆ ಇನ್ನೂ ಕರೆ ಬರಬೇಕು. ಫಿಸಿಕಲ್‌ನಲ್ಲಿ 400 ಮೀಟರ್ ಓಡುವಾಗಲೇ ಜೀವ ಬಾಯಿಗೆ ಬಂದಿತ್ತು. ಅಲ್ಲಿ ದಿನಾ ಏನೇನು ಮಾಡಿಸುತ್ತಾರೆ? ಹೊಡೆಯುತ್ತಾರಾ? ಮುಟ್ಟಿನ ದಿನಗಳಲ್ಲೂ ಓಡಲೇಬೇಕಾ? ಮೊಬೈಲ್ ಇಟ್ಟುಕೊಳ್ಳಬಹುದಾ? ಅಮ್ಮ ಒಬ್ಬರೇ ಇರುತ್ತಾರೆ, ಭಾನುವಾರ ಮನೆಗೆ ಬರಬಹುದಾ?

ಉತ್ತರ: ಮೊದಲು ಅಭಿನಂದನೆ ತಾಯಿ. ದಿನವಿಡೀ ನಿಂತು ಬಟ್ಟೆ ಚೆಕ್ ಮಾಡಿ, ರಾತ್ರಿ ಓದಿ ಪಾಸಾಗೋದು ಸಣ್ಣ ವಿಷಯ ಅಲ್ಲ.

ನಿಮ್ಮ ಪ್ರಶ್ನೆಯಲ್ಲಿ ಓಟದ ಭಯವೇ ಜಾಸ್ತಿ ಇದೆ. ನನಗೂ ಇತ್ತು. 1988ರಲ್ಲಿ ಕಾನ್‌ಸ್ಟೆಬಲ್ ಆಗಿ ಸೇರಿದೆ. ಆಮೇಲೆ ಬಡ್ತಿ ಮೇಲೆ ಪಿಎಸ್‌ಐ ಆಗಿ ಒಂದು ತರಬೇತಿ ಶಾಲೆಯಲ್ಲಿ ಐದು ವರ್ಷ ಕಾನೂನು ಪಾಠ ಮಾಡಿದೆ. ಈಗ ನಿವೃತ್ತ, ಆದರೂ ಕರೆದಾಗ ಹೋಗಿ ಕ್ಲಾಸ್ ತಗೊಂಡು ಬರುತ್ತೇನೆ. ಬೆಂಚಿನ ಈ ಕಡೆ, ಆ ಕಡೆ ಎರಡೂ ನೋಡಿದವನು ಹೇಳ್ತಿದ್ದೇನೆ: ಓಡಲಾಗದೆ ಬಿಟ್ಟುಹೋದವರು ನನ್ನ ಲೆಕ್ಕದಲ್ಲಿ ಬೆರಳೆಣಿಕೆ. ಮಧ್ಯಾಹ್ನ ಎರಡೂವರೆ ಗಂಟೆ ಕ್ಲಾಸಿನಲ್ಲಿ ತೂಕಡಿಸಿ, ಅದರ ಫಲವನ್ನು ಸ್ಟೇಷನ್ನಿನಲ್ಲಿ ವರ್ಷಗಟ್ಟಲೆ ಉಂಡವರು ಮಾತ್ರ ಸಿಕ್ಕಾಪಟ್ಟೆ.

ಎಲ್ಲಿಗೆ ಹಾಕುತ್ತಾರೆ ಅನ್ನೋದು ನಿಮ್ಮ ಕೈಲಿಲ್ಲ. ಬೆಂಗಳೂರಲ್ಲೇ ಥಣಿಸಂದ್ರದಲ್ಲಿ ಪೊಲೀಸ್ ತರಬೇತಿ ಶಾಲೆ ಇದೆ, ಯಲಹಂಕದಲ್ಲಿ ಸಶಸ್ತ್ರ ಪೊಲೀಸರದ್ದು ಇದೆ. ಹೊರಗಡೆ ಚನ್ನಪಟ್ಟಣ, ಮೈಸೂರಿನ ಜ್ಯೋತಿನಗರ, ಐಮಂಗಲ, ಬೆಳಗಾವಿ ಕಡೆಯ ಖಾನಾಪುರ, ಕಲಬುರಗಿಯ ನಾಗನಹಳ್ಳಿ ಹೀಗೆ ಹಲವಿವೆ. ಅಕಾಡೆಮಿ ಅಂತ ಜನ ಹೇಳೋದು ಮೈಸೂರಿನದ್ದನ್ನು. ಅಲ್ಲಿ ಮುಖ್ಯವಾಗಿ ಪಿಎಸ್‌ಐ, ಡಿವೈಎಸ್‌ಪಿ ಆಗುವವರು ಇರುತ್ತಾರೆ, ಪಿಎಸ್‌ಐಗಳಿಗೆ ಸುಮಾರು ಒಂದು ವರ್ಷ. ಕಾನ್‌ಸ್ಟೆಬಲ್‌ಗಳಿಗೆ ಅದಕ್ಕಿಂತ ಕಡಿಮೆ, ಎಂಟೊಂಬತ್ತು ತಿಂಗಳು ಅಂದುಕೊಳ್ಳಿ. ಶಾಲೆಯಿಂದ ಶಾಲೆಗೆ ಹೊತ್ತು ಅರ್ಧ ಗಂಟೆ ಆಚೀಚೆ ಆಗಬಹುದು, ದಿನದ ಅಚ್ಚು ಮಾತ್ರ ಒಂದೇ.

ಬೆಳಗ್ಗೆ ಐದಕ್ಕೆಲ್ಲ ಎದ್ದಿರಬೇಕು. ವಿಸಿಲ್ ಐದಕ್ಕೆ ಅಂದರೆ ನೀವು ನಾಲ್ಕೂವರೆಗೇ ಎದ್ದಿರುತ್ತೀರಿ. ಯಾಕೆಂದರೆ ಒಂದು ಬ್ಯಾರಕ್‌ನಲ್ಲಿ ಮೂವತ್ತು ನಲವತ್ತು ಜನ, ಬಾತ್‌ರೂಮು ಅಷ್ಟಿರುವುದಿಲ್ಲ. ಮೊದಲ ವಾರ ಎಲ್ಲರೂ ಕಲಿಯುವ ಪಾಠ ಕಾನೂನೂ ಅಲ್ಲ, ಕವಾಯತೂ ಅಲ್ಲ, ಈ ಕ್ಯೂ. ಆರರ ಹೊತ್ತಿಗೆ ಮೈದಾನದಲ್ಲಿ ಸಾಲುಗಟ್ಟಿ ಫಾಲ್ ಇನ್, ಹಾಜರಿ, ಪಿಟಿ. ಅದು ಮುಗಿದ ಮೇಲೆ ಡ್ರಿಲ್. ಎಂಟೂವರೆ ಆಸುಪಾಸಿಗೆ ಓಡಿಬಂದು ಸ್ನಾನ, ತಿಂಡಿ, ಯೂನಿಫಾರ್ಮು, ಹತ್ತಕ್ಕೆಲ್ಲ ಕ್ಲಾಸಿನಲ್ಲಿ ಕೂತಿರಬೇಕು. ಮಧ್ಯಾಹ್ನ ಊಟ, ಮತ್ತೆ ಕ್ಲಾಸು. ನಾಲ್ಕೂವರೆಗೆ ಪುನಃ ಮೈದಾನ: ಆಟ, ಲಾಠಿ ಡ್ರಿಲ್, ಆಯುಧದ ಪಾಠ, ಬರಿಗೈ ಹೋರಾಟ. ಸಂಜೆ ರೋಲ್ ಕಾಲ್‌ನಲ್ಲಿ ನಾಳೆಯ ಆದೇಶ ಓದುತ್ತಾರೆ, ಯಾರಿಗೆ ರಾತ್ರಿ ಸೆಂಟ್ರಿ ಅಂತ ಹೇಳುತ್ತಾರೆ. ಊಟ, ಒಂದಿಷ್ಟು ಓದು, ಹತ್ತಕ್ಕೆ ದೀಪ ಆರುತ್ತದೆ. ದೀಪ ಆರಿದ ಮೇಲೂ ಬೂಟು ಪಾಲಿಶ್ ಮಾಡುವವರು, ಬ್ರಾಸೋ ಹಚ್ಚಿ ಬೆಲ್ಟಿನ ಬಕಲ್ ಉಜ್ಜುವವರು ಇದ್ದೇ ಇರುತ್ತಾರೆ. ಕತ್ತಲೆಯಲ್ಲಿ ಉಜ್ಜುವ ಶಬ್ದ ಮಾತ್ರ ಕೇಳುತ್ತಿರುತ್ತದೆ. ನನಗೆ ಈಗಲೂ ಬ್ರಾಸೋ ವಾಸನೆ ಬಂದರೆ ಆ ಬ್ಯಾರಕ್ಕೇ ನೆನಪಾಗುತ್ತದೆ.

ಇದರಲ್ಲಿ ನಿಮ್ಮದು ಅಂತ ಒಂದು ಗಂಟೆಯೂ ಇಲ್ಲ, ಗಮನಿಸಿದ್ರಾ? ಜನ ಅಳೋದು ಅದಕ್ಕೆ, ಓಟಕ್ಕಲ್ಲ. ಎರಡನೇ ವಾರದ ಹೊತ್ತಿಗೆ ರಾತ್ರಿ ಕಂಬಳಿ ಒಳಗೆ ಬಿಕ್ಕುವ ಸದ್ದು ಪುರುಷರ ಬ್ಯಾರಕ್‌ನಲ್ಲೂ ಕೇಳಿದ್ದೇನೆ. ಆರು ಅಡಿ ಆಳು, ಹೊಲದಲ್ಲಿ ದುಡಿದ ಮೈ. ಅವನಿಗೆ ಮೈ ನೋವಿರಲಿಲ್ಲ. "ಒಂದು ಕಪ್ ಟೀ ಬೇಕು ಅನ್ನಿಸಿದಾಗ ಕುಡಿಯೋಕಾಗಲ್ವಲ್ಲ ಸಾರ್" ಅಂದಿದ್ದ. ನೀವು ಗಾರ್ಮೆಂಟ್ಸ್‌ನಲ್ಲಿ ಗಂಟೆಗಿಷ್ಟು ಪೀಸು ಅನ್ನೋ ಟಾರ್ಗೆಟ್ಟಿನಲ್ಲಿ ಇದ್ದವರು, ಬಾತ್‌ರೂಮಿಗೆ ಹೋಗೋದಕ್ಕೂ ಸೂಪರ್‌ವೈಸರ್ ಮುಖ ನೋಡಿದವರು. ಈ ವಿಷಯದಲ್ಲಿ ನೀವು ಕಾಲೇಜಿನಿಂದ ನೇರ ಬರುವವರಿಗಿಂತ ಒಂದು ಹೆಜ್ಜೆ ಮುಂದೆ ಇದ್ದೀರಿ.

ಈಗ ಓಟ. ಆಯ್ಕೆಯಲ್ಲಿ ಮಹಿಳೆಯರಿಗೆ 400 ಮೀಟರ್ 2 ನಿಮಿಷದಲ್ಲಿ, ಗಂಡಸರಿಗೆ 1,600 ಮೀಟರ್ 6 ನಿಮಿಷ 30 ಸೆಕೆಂಡಿನಲ್ಲಿ. ಆ 400 ಮೀಟರ್ ತರಬೇತಿಯಲ್ಲಿ ಮೈ ಬಿಸಿ ಮಾಡಿಕೊಳ್ಳೋಕೂ ಸಾಲದು. ಆದರೆ ಮೊದಲ ದಿನವೇ ಐದು ಕಿಲೋಮೀಟರ್ ಓಡಿಸುವುದಿಲ್ಲ, ಮೆಲ್ಲಗೆ ಏರಿಸುತ್ತಾ ಹೋಗುತ್ತಾರೆ. ಆರೇಳು ವಾರದಲ್ಲಿ ಉಸಿರು ಹಿಡಿತಕ್ಕೆ ಬರುತ್ತದೆ. ಕೈಕೊಡೋದು ಉಸಿರಲ್ಲ, ಮೊಣಕಾಲ ಕೆಳಗಿನ ಮುಂಭಾಗದ ಮೂಳೆ. ಅಭ್ಯಾಸ ಇಲ್ಲದ ಕಾಲು ಒಮ್ಮೆಲೇ ಗಟ್ಟಿ ನೆಲದ ಮೇಲೆ ಓಡಿ, ಆಮೇಲೆ ಬೂಟು ಹಾಕಿಕೊಂಡು ಹಿಮ್ಮಡಿ ಕುಟ್ಟಿದರೆ ಆ ಮೂಳೆಯ ಉದ್ದಕ್ಕೂ ನೋವು ಏಳುತ್ತದೆ. ಅದನ್ನು ಮುಚ್ಚಿಟ್ಟುಕೊಂಡು ಓಡಿದವರಿಗೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟು, ವಾರಗಟ್ಟಲೆ ಮಲಗಿ, ಕಡೆಗೆ ಮುಂದಿನ ಬ್ಯಾಚಿಗೆ ಹೋದದ್ದನ್ನು ನೋಡಿದ್ದೇನೆ. ಅದಕ್ಕೇ ಹೇಳೋದು, ಕರೆ ಬರುವ ತನಕ ಸುಮ್ನೆ ಕೂರಬೇಡಿ. ಮನೆ ಹತ್ತಿರದ ಯಾವುದಾದರೂ ಮಣ್ಣಿನ ಮೈದಾನಕ್ಕೆ ಬೆಳಗ್ಗೆ ಹೋಗಿ. ಐದು ನಿಮಿಷ ಬಿರುಸು ನಡಿಗೆ, ಎರಡು ನಿಮಿಷ ಓಟ, ಮತ್ತೆ ನಡಿಗೆ. ವಾರ ವಾರ ಓಟ ಹೆಚ್ಚಿಸಿ, ನಡಿಗೆ ಇಳಿಸಿ. ಟಾರು ರಸ್ತೆ ಬೇಡ. ಇನ್ನೊಂದು, ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ಹುಡುಗಿಯರು ಮೈದಾನದಲ್ಲಿ ತಲೆ ತಿರುಗಿ ಬೀಳೋದಕ್ಕೆ ಎಷ್ಟೋ ಸಲ ರಕ್ತ ಕಡಿಮೆ ಇರೋದೇ ಕಾರಣ, ಆದರೆ ಬೈಗುಳ ಬೀಳೋದು ಸೋಮಾರಿ ಅಂತ.

ಮುಟ್ಟಿನ ವಿಷಯ ಕೇಳಿದ್ದೀರಿ, ಒಳ್ಳೆಯದು. ಮುಚ್ಚಿಡಬೇಡಿ. ನಿಮ್ಮ ಸ್ಕ್ವಾಡಿನ ಮಹಿಳಾ ಬೋಧಕರಿಗೆ ನೇರವಾಗಿ ಹೇಳಿ, ಬೆಳಗ್ಗೆ ಹಾಜರಿಗೆ ಮುಂಚೆಯೇ. ಹೊಟ್ಟೆನೋವು ಜಾಸ್ತಿ ಇದ್ದರೆ ಸಿಕ್ ರಿಪೋರ್ಟ್ ಅಂತ ಪುಸ್ತಕ ಇರುತ್ತದೆ, ಅದರಲ್ಲಿ ಹೆಸರು ಬರೆಸಿ ಡಾಕ್ಟರ ಬಳಿ ಹೋಗಬೇಕು. ಡಾಕ್ಟರು ಬರೆದುಕೊಟ್ಟರೆ ಓಟ, ಜಿಗಿತ ಬಿಟ್ಟು ಹಗುರದ್ದು ಕೊಡುತ್ತಾರೆ. ತೊಂದರೆ ಆಗೋದು ಹೇಳದೆ ಹಿಂದೆ ಉಳಿದಾಗ. ಬೋಧಕರಿಗೆ ನೀವು ಮೈಗಳ್ಳತನ ಮಾಡ್ತಿದ್ದೀರಿ ಅಂತಲೇ ಅನ್ನಿಸುತ್ತದೆ.

ಡ್ರಿಲ್ ಬಗ್ಗೆ ಜನ ನಗುತ್ತಾರೆ. ಸಾವಧಾನ್, ವಿಶ್ರಾಮ್ ಶಾಲೆಯಲ್ಲೇ ಮಾಡಿದ್ದೀವಲ್ಲ, ಇದನ್ನು ಎಂಟು ತಿಂಗಳು ಕಲಿಯೋದೇನು ಅಂತ. ನಿಮಿಷಕ್ಕೆ 120 ಹೆಜ್ಜೆ, ಒಂದೊಂದು ಹೆಜ್ಜೆ 30 ಇಂಚು. ಇದನ್ನು ಒಬ್ಬರು ಮಾಡೋದು ಸುಲಭ. ಮೂವತ್ತು ಜನ ಒಂದೇ ಕಾಲಾಗಿ ಮಾಡೋದಕ್ಕೆ ತಿಂಗಳುಗಳೇ ಬೇಕು. ಪ್ರತಿ ಬ್ಯಾಚಿನಲ್ಲೂ ಎಡಗಾಲಿನ ಜೊತೆ ಎಡಗೈಯನ್ನೇ ಬೀಸುವವರು ಇಬ್ಬರು ಮೂವರು ಇರುತ್ತಾರೆ. ಮಾಮೂಲಾಗಿ ನಡೆಯುವಾಗ ಸರಿಯಾಗೇ ಇರುತ್ತಾರೆ, ಲೆಫ್ಟ್-ರೈಟ್ ಅಂದ ಕೂಡಲೇ ಕೈಕಾಲು ಜಗಳಕ್ಕೆ ಬೀಳುತ್ತವೆ. ಅವರನ್ನು ಬೇರೆ ಸ್ಕ್ವಾಡು ಮಾಡಿ ತಿದ್ದುತ್ತಾರೆ. ಅದರಲ್ಲಿ ನೀವಿದ್ದರೆ ನಾಚಿಕೆ ಪಡಬೇಡಿ. ನಾನಿದ್ದೆ.

ಹೊಡೆಯುತ್ತಾರಾ? ಕೈ ಎತ್ತುವ ಹಾಗಿಲ್ಲ, ಅದು ನಿಯಮ. ಶಿಕ್ಷೆ ಅಂದರೆ ಮೈದಾನ ಸುತ್ತು ಹಾಕಿಸೋದು, ರೈಫಲನ್ನು ತಲೆ ಮೇಲೆ ಎತ್ತಿ ಓಡಿಸೋದು, ಮುಂಗೈ ಊರಿ ನಿಲ್ಲಿಸೋದು, ಭಾನುವಾರ ಎಕ್ಸ್‌ಟ್ರಾ ಡ್ರಿಲ್. ಒಬ್ಬರು ತಪ್ಪು ಮಾಡಿದರೆ ಇಡೀ ಸ್ಕ್ವಾಡಿಗೆ ಬೀಳುತ್ತದೆ. ಮೊದಲಿಗೆ ಇದು ಅನ್ಯಾಯ ಅನ್ನಿಸುತ್ತದೆ. ಆದರೆ ಗಲಭೆಯಲ್ಲಿ ಸಾಲು ಬಿಟ್ಟು ಒಬ್ಬ ಓಡಿದರೆ ಪಕ್ಕದವನ ತಲೆ ಒಡೆಯುತ್ತದೆ ಅನ್ನೋದು ಗೊತ್ತಾದ ಮೇಲೆ ಇದರ ಅರ್ಥ ತಿಳಿಯುತ್ತದೆ. ಬೈಗುಳದ ಮಾತು ಬೇರೆ. ನನ್ನ ಕಾಲದ ಒಬ್ಬ ಡ್ರಿಲ್ ಮಾಸ್ಟರು ತಂದೆತಾಯಿ ಸೇರಿಸದೆ ಒಂದು ವಾಕ್ಯ ಆಡುತ್ತಿರಲಿಲ್ಲ. ಅವರಿಂದ ರೈಫಲ್ ಹಿಡಿಯೋದು ಕಲಿತೆ, ನಿಜ. ಜೊತೆಗೆ ಆ ಭಾಷೆಯನ್ನೂ ಕಲಿತೆ, ಸ್ಟೇಷನ್ನಿಗೆ ಹೋಗಿ ದೂರು ಕೊಡೋಕೆ ಬಂದ ಒಬ್ಬ ತರಕಾರಿ ಗಾಡಿಯವನ ಮೇಲೆ ಅದನ್ನೇ ಎಸೆದೆ. ಅವನು ದೂರು ಕೊಡದೆ ವಾಪಸ್ ಹೋದ. ಮೂವತ್ತೈದು ವರ್ಷ ಆಯಿತು, ಆ ಮುಖ ಮರೆತಿಲ್ಲ. ಹಾಗಾಗಿ ಬೈದು ಕಲಿಸಿದರೇ ಪೊಲೀಸರು ಗಟ್ಟಿಯಾಗುತ್ತಾರೆ ಅನ್ನುವ ವಾದ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಈಗ ಎಷ್ಟೋ ಕಡಿಮೆಯಾಗಿದೆ. ಮಿತಿ ಮೀರಿದರೆ ಪ್ರಾಂಶುಪಾಲರವರೆಗೆ ಹೋಗಿ ಹೇಳುವ ಹಕ್ಕು ನಿಮಗಿದೆ, ಮೇಲಧಿಕಾರಿಗಳು ವಾರಕ್ಕೋ ಹದಿನೈದು ದಿನಕ್ಕೋ ಕುಂದುಕೊರತೆ ಕೇಳುತ್ತಾರೆ. ಆಗ ಎದ್ದು ನಿಂತು ಮಾತಾಡಿ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಮೆಸ್ ಬಿಲ್ಲು ನಿಮ್ಮ ಸಂಬಳದಲ್ಲೇ ಮುರಿಯುತ್ತಾರೆ. ಹೌದು, ತರಬೇತಿಯಲ್ಲೂ ಸಂಬಳ ಇರುತ್ತದೆ. ದಿನಸಿ, ತರಕಾರಿ ನೋಡಿಕೊಳ್ಳೋಕೆ ಪ್ರಶಿಕ್ಷಣಾರ್ಥಿಗಳದ್ದೇ ಮೆಸ್ ಕಮಿಟಿ ಮಾಡಿರುತ್ತಾರೆ, ಪಾಳಿ ಮೇಲೆ. ಇಡೀ ತರಬೇತಿಯಲ್ಲಿ ನಡೆಯುವ ಅತಿ ದೊಡ್ಡ ಹೋರಾಟ ಮುದ್ದೆಗೂ ರೊಟ್ಟಿಗೂ. ಮಂಡ್ಯ, ರಾಮನಗರದವರಿಗೆ ಮುದ್ದೆ ಇಲ್ಲದೆ ಹೊಟ್ಟೆ ತುಂಬುವುದಿಲ್ಲ. ವಿಜಯಪುರ, ರಾಯಚೂರಿನವರು ಮುದ್ದೆ ನೋಡಿ "ಇದನ್ನ ಅಗೀಬೇಕೋ ನುಂಗಬೇಕೋ" ಅಂತ ಕೂರುತ್ತಾರೆ. ಕರಾವಳಿಯವರು ಎರಡೂ ಬೇಡ ಅಂತ ಅನ್ನ ಹಾಕಿಸಿಕೊಳ್ಳುತ್ತಾರೆ. ಮೂರನೇ ತಿಂಗಳಿಗೆ ಎಲ್ಲರೂ ಎಲ್ಲವನ್ನೂ ತಿನ್ನುತ್ತಾರೆ, ಯಾಕೆಂದರೆ ಆ ಹಸಿವು ಅಂಥದ್ದು. ಈ ಜಗಳದಿಂದ ಒಂದು ಲಾಭ ಇದೆ. ಬೆಂಗಳೂರಿನ ಹುಡುಗಿಗೆ ಬೀದರ್ ಕನ್ನಡ ಅರ್ಥವಾಗೋಕೆ ಶುರುವಾಗುತ್ತದೆ. ನಾಳೆ ಮೆಜೆಸ್ಟಿಕ್‌ನಲ್ಲಿ ಬ್ಯಾಗು ಕಳೆದುಕೊಂಡ ಅಜ್ಜಿ ಯಾವ ಊರಿನವರೋ, ಅವರ ಮಾತು ನಿಮಗೆ ತಿಳಿಯಬೇಕಲ್ಲ.

ಇನ್ನು ಮಧ್ಯಾಹ್ನದ ಕ್ಲಾಸು.

ಬೆಳಗ್ಗೆ ನಾಲ್ಕೂವರೆಗೆ ಎದ್ದು, ಓಡಿ, ಕುಣಿದು, ಮುದ್ದೆ ಉಂಡು ಬಂದು ಫ್ಯಾನಿನ ಕೆಳಗೆ ಕೂರುತ್ತೀರಿ. ಮುಂದೆ ನನ್ನಂಥ ಒಬ್ಬ ನಿಂತು "ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ" ಅಂತ ಶುರು ಮಾಡುತ್ತಾನೆ. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಎರಡು ಸಾಲು ಮಲಗಿರುತ್ತದೆ. ಎದ್ದು ನಿಲ್ಲಿಸಿದರೆ ನಿಂತೇ ನಿದ್ದೆ ಮಾಡುವವರಿದ್ದರು, ಕಣ್ಣು ತೆರೆದುಕೊಂಡೇ ಮಲಗುವ ವಿದ್ಯೆ ಕಲಿತವರಿದ್ದರು. ಬೈದು ಪ್ರಯೋಜನ ಇಲ್ಲ, ಅದು ದೇಹದ ತಪ್ಪು. ಆದರೆ ನೀವು ಸ್ಟೇಷನ್ನಿಗೆ ಹೋದ ಮೇಲೆ ಯಾರೂ ನಿಮ್ಮನ್ನು 120 ಹೆಜ್ಜೆ ನಡೆದು ತೋರಿಸು ಅನ್ನುವುದಿಲ್ಲ. ಮೊದಲ ವಾರವೇ ಕೈಗೆ ಕಾಗದ ಕೊಟ್ಟು "ಬರ್ಕೊಳಮ್ಮ" ಅನ್ನುತ್ತಾರೆ.

ಕಾನೂನು ಈಗ ಪೂರ್ತಿ ಹೊಸದು. 2024ರ ಜುಲೈ 1ರಿಂದ ಅಪರಾಧ, ಶಿಕ್ಷೆ ಹೇಳುವ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು, ತನಿಖೆ, ವಿಚಾರಣೆಯ ಕ್ರಮ ಹೇಳುವ ಸಿಆರ್‌ಪಿಸಿ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ. ಕೊಲೆ ಅಂದರೆ ಸೆಕ್ಷನ್ 302 ಅಲ್ಲ, 103. ಕಳ್ಳತನ 379 ಅಲ್ಲ, 303. ಮೋಸಕ್ಕೆ 420 ಹೋಗಿ 318 ಆಗಿದೆ, ಜನ ಮಾತ್ರ ಇನ್ನೂ ಫೋರ್‌ಟ್ವೆಂಟಿ ಅಂತಲೇ ಬೈಯುತ್ತಾರೆ, ಬೈಯಲಿ ಬಿಡಿ. ಹಳೆಯದನ್ನು ಮರೆಯೋ ಹಾಗೂ ಇಲ್ಲ. ಆ ತಾರೀಖಿಗಿಂತ ಮುಂಚೆ ನಡೆದ ಅಪರಾಧಕ್ಕೆ ಹಳೆಯ ಐಪಿಸಿಯೇ ಅನ್ವಯ, ಅಂಥ ಕೇಸುಗಳು ಕೋರ್ಟಿನಲ್ಲಿ ಇನ್ನೂ ಎಷ್ಟೋ ವರ್ಷ ನಡೆಯುತ್ತವೆ. ಹಾಗಾಗಿ ನಿಮ್ಮ ಬ್ಯಾಚಿನವರು ಎರಡೂ ನಂಬರು ತಲೆಯಲ್ಲಿ ಇಟ್ಟುಕೊಳ್ಳಬೇಕು. ಪಾಪ.

ಸೆಕ್ಷನ್ ನಂಬರು ಮರೆತರೆ ಪುಸ್ತಕ ತೆಗೆದು ನೋಡಬಹುದು. ಮಹಜರು ಬರೆಯೋದು ಹಾಗಲ್ಲ. ಸ್ಥಳಕ್ಕೆ ಹೋಗಿ, ಪಂಚರನ್ನು, ಅಂದರೆ ಸಾಕ್ಷಿಗೆ ನಿಲ್ಲುವವರನ್ನು, ಕರೆದು, ಅಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯುವ ಕಾಗದ ಅದು. ಕಾನ್‌ಸ್ಟೆಬಲ್‌ಗೆ ಯಾಕೆ ಅಂತೀರಾ? ಕಾಗದದ ಮೇಲೆ ತನಿಖಾಧಿಕಾರಿ ಸಾಹೇಬರು ಇರುತ್ತಾರೆ, ಬರೆಯುವ ಕೈ ಬಹಳ ಸಲ ಸ್ಟೇಷನ್ನಿನ ಬರವಣಿಗೆ ನೋಡುವ ರೈಟರದ್ದೋ ನಿಮ್ಮದೋ ಆಗಿರುತ್ತದೆ. ನಾನು ಕ್ಲಾಸಿನಲ್ಲಿ ಒಂದು ಆಟ ಆಡಿಸುತ್ತಿದ್ದೆ. ಶಾಲೆಯ ಹಿಂದಿನ ಒಂದು ಹಳೇ ರೂಮಿನಲ್ಲಿ ಕುರ್ಚಿ ಉರುಳಿಸಿ, ಒಂದು ಒಡೆದ ಬಳೆ, ಒಂದು ಚಪ್ಪಲಿ, ಕುಂಕುಮ ಕಲಸಿದ ನೀರು ಚೆಲ್ಲಿ, ಒಂದು ಸರ ಬಿಸಾಡಿ, ಒಬ್ಬೊಬ್ಬರನ್ನೇ ಕಳಿಸಿ ಬರೆಯಿರಿ ಅನ್ನುತ್ತಿದ್ದೆ. ಮುಕ್ಕಾಲು ಪಾಲು ಜನ "ನೆಲದ ಮೇಲೆ ರಕ್ತ ಇದೆ, ಪಕ್ಕದಲ್ಲಿ ಚಿನ್ನದ ಸರ ಬಿದ್ದಿದೆ" ಅಂತ ಬರೆದು ತರುತ್ತಿದ್ದರು. ರಕ್ತ ಅಂತ ನಿನಗೆ ಹೇಗೆ ಗೊತ್ತು? ಅದನ್ನು ಹೇಳಬೇಕಾದ್ದು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ. ನೀನು ಬರೆಯಬೇಕಾದ್ದು "ರಕ್ತದಂತೆ ಕಾಣುವ ಕೆಂಪು ಕಲೆ". ಚಿನ್ನ ಅಂತ ಹೇಳೋಕೆ ನೀನು ಅಕ್ಕಸಾಲಿಗನಾ? "ಹಳದಿ ಬಣ್ಣದ ಲೋಹದ ಸರ" ಅಂತ ಬರಿ. ಸರ ನಾಳೆ ಗಿಲೀಟು ಅಂತ ಗೊತ್ತಾದರೆ, ಪೊಲೀಸರೇ ಚಿನ್ನ ಬದಲಾಯಿಸಿದರು ಅಂತ ವಕೀಲರು ಹೇಳೋದಕ್ಕೆ ಒಂದೇ ಒಂದು ಪದ ಸಾಕು.

ಹಾಗೇ "ಮರದ ಹತ್ತಿರ" ಅಂತ ಬರೆಯೋರು. ಯಾವ ಮರ? ಎಷ್ಟು ಅಡಿ ದೂರ? ಯಾವ ದಿಕ್ಕಿಗೆ? ಚಕ್ಕುಬಂದಿ ಹಾಕಬೇಕು. ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಏನಿದೆ, ಉತ್ತರ, ದಕ್ಷಿಣ. ಊರಿನಿಂದ ಬಂದ ಹುಡುಗರಿಗೆ ದಿಕ್ಕು ಸಲೀಸು. ಬೆಂಗಳೂರಿನ ಮಕ್ಕಳಿಗೆ ಲೆಫ್ಟು, ರೈಟು, ಸಿಗ್ನಲ್ಲು ಬಿಟ್ಟರೆ ಪೂರ್ವ ಯಾವುದು ಅಂತಲೇ ಗೊತ್ತಿರುವುದಿಲ್ಲ! ನಿಮಗೆ ಇವತ್ತಿನಿಂದಲೇ ಒಂದು ಕೆಲಸ ಕೊಡುತ್ತೇನೆ. ಲಗ್ಗೆರೆಯ ನಿಮ್ಮ ಮನೆಗೆ ಚಕ್ಕುಬಂದಿ ಬರೆಯಿರಿ. ನಾಲ್ಕು ಸಾಲು. ಆಮೇಲೆ ಮನೆ ಹತ್ತಿರದ ಬಸ್ ಸ್ಟಾಪು, ಅಂಗಡಿ, ಕ್ರಾಸು. ಹತ್ತು ದಿನ ಮಾಡಿ, ಕಣ್ಣು ತಾನೇ ತೆರೆಯುತ್ತದೆ. ನಿಮ್ಮ ಕ್ವಾಲಿಟಿ ಚೆಕಿಂಗ್ ಕಣ್ಣು ಇಲ್ಲಿ ಬಂಗಾರ. ನೂರು ಶರ್ಟಿನಲ್ಲಿ ಒಂದು ಹೊಲಿಗೆ ತಪ್ಪಿದ್ದು ಹಿಡಿದವರಿಗೆ, ಬೀಗ ಒಡೆದದ್ದು ಒಳಗಿಂದಲೋ ಹೊರಗಿಂದಲೋ ಅನ್ನೋದು ಕಾಣದೆ ಇರುತ್ತದಾ?

ಈಗ ಇನ್ನೂ ಒಂದು ಸೇರಿಕೊಂಡಿದೆ. ಶೋಧ ಮಾಡಿ ವಸ್ತು ಜಪ್ತಿ ಮಾಡುವಾಗ ವಿಡಿಯೊ ಮಾಡಬೇಕು ಅಂತ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಹೇಳುತ್ತದೆ. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಆಗುವ ಅಪರಾಧದ ಸ್ಥಳಕ್ಕೆ ವಿಧಿವಿಜ್ಞಾನ ತಜ್ಞರು ಬರಬೇಕು ಅಂತ 176ನೇ ಸೆಕ್ಷನ್‌ನಲ್ಲಿದೆ. ಅಂದರೆ ಅವರು ಬರುವ ತನಕ ಸ್ಥಳ ಕಾಯುವವರು ಯಾರು? ನೀವು. ಯಾರೂ ಒಳಗೆ ಹೋಗದ ಹಾಗೆ, ಎಂಎಲ್‌ಎ ಕಡೆಯವರೇ ಬಂದರೂ ಟೇಪು ದಾಟದ ಹಾಗೆ. ಮೈದಾನದಲ್ಲಿ ಅಲುಗಾಡದೆ ನಿಲ್ಲಿಸಿದ್ದು ಆಗ ಉಪಯೋಗಕ್ಕೆ ಬರುತ್ತದೆ.

ಮಹಿಳಾ ಸಿಬ್ಬಂದಿಗೆ ಅಂತಲೇ ಕೆಲವು ಪಾಠ ಇವೆ, ಅವನ್ನಂತೂ ನಿದ್ದೆಗಣ್ಣಿನಲ್ಲಿ ಕೇಳಬೇಡಿ. ಮಹಿಳೆಯನ್ನು ಸೂರ್ಯ ಮುಳುಗಿದ ಮೇಲೆ, ಸೂರ್ಯ ಹುಟ್ಟುವ ಮುಂಚೆ ಬಂಧಿಸುವ ಹಾಗಿಲ್ಲ. ಅಪರೂಪದ ಸಂದರ್ಭದಲ್ಲಿ ಮಾಡಲೇಬೇಕಾದರೆ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆಯಬೇಕು. ಮಹಿಳೆಯ ಅಂಗಶೋಧ ಮಹಿಳೆಯೇ ಮಾಡಬೇಕು, ಮರ್ಯಾದೆಯಿಂದ. ಅತ್ಯಾಚಾರದಂಥ ಪ್ರಕರಣದಲ್ಲಿ ಸಂತ್ರಸ್ತೆಯ ಹೇಳಿಕೆಯನ್ನು ಮಹಿಳಾ ಅಧಿಕಾರಿ ದಾಖಲಿಸಬೇಕು. ಸ್ಟೇಷನ್ನಿನಲ್ಲಿ ರಾತ್ರಿ ಹೆಣ್ಣುಮಗಳೊಬ್ಬಳು ಅಳುತ್ತಾ ಬಂದು ನಿಂತಾಗ, ಮೊದಲು ಎದ್ದು ಹೋಗೋದು ನೀವೇ ಆಗಿರುತ್ತೀರಿ. ಆಗ ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆಯಬೇಕು. "ಸದರಿ ಆಪಾದಿತನು ಅವಾಚ್ಯ ಶಬ್ದಗಳಿಂದ ನಿಂದಿಸಿ" ಅಂತ ನಮ್ಮವರು ಎಲ್ಲ ದೂರಿಗೂ ಒಂದೇ ಸಾಲು ಹೊಡೆಯುತ್ತಾರೆ. ಏನು ಬೈದ ಅನ್ನೋದೇ ಮುಖ್ಯ ಅಲ್ವಾ? ಅದನ್ನೇ ಬರೆಯಿರಿ. ಬರೆದದ್ದನ್ನು ಓದಿ ಹೇಳಿ, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೈಗೆ ಕೊಡಿ.

ನಿದ್ದೆ ತಡೆಯೋಕೆ ನನಗೆ ಗೊತ್ತಿರುವ ಉಪಾಯ ಎರಡೇ. ಮಧ್ಯಾಹ್ನ ಮುದ್ದೆ ಅರ್ಧ ಮಾಡಿ, ರಾತ್ರಿ ಬೇಕಾದರೆ ಜಾಸ್ತಿ ಉಣ್ಣಿ. ಮುಂದಿನ ಬೆಂಚಿನಲ್ಲಿ ಕೂತು, ಕೇಳಿದ್ದನ್ನೆಲ್ಲ ಕೈಯಿಂದ ಬರೆಯುತ್ತಾ ಹೋಗಿ. ಅಕ್ಷರ ಹಾವಿನ ಹಾಗೆ ಹರಿದರೂ ಪರವಾಗಿಲ್ಲ.

ನಡುವೆ ಹೊರಗೂ ಕರೆದುಕೊಂಡು ಹೋಗುತ್ತಾರೆ. ಕೋರ್ಟು, ಜೈಲು, ಪ್ರಯೋಗಾಲಯ, ಸ್ಟೇಷನ್ನು. ಕೆಲವು ಬ್ಯಾಚುಗಳಿಗೆ ಶವಾಗಾರವನ್ನೂ ತೋರಿಸುತ್ತಾರೆ. ಅಲ್ಲಿ ಒಂದಿಬ್ಬರು ಬೀಳುತ್ತಾರೆ. ನನ್ನ ಅನುಭವದಲ್ಲಿ ಬೀಳುವವರು ಗಂಡು ಹುಡುಗರೇ ಹೆಚ್ಚು, ಮೀಸೆ ತಿರುವಿಕೊಂಡು ಮುಂದೆ ನಿಂತವರು.

ಫೈರಿಂಗ್ ದಿನ ಎಲ್ಲರಿಗೂ ಹಬ್ಬ. ಅದಕ್ಕೆ ಮುಂಚೆ ವಾರಗಟ್ಟಲೆ ಗುಂಡಿಲ್ಲದ ರೈಫಲು ಬಿಚ್ಚಿ, ಒರೆಸಿ, ಜೋಡಿಸುವ ಕೆಲಸ. ನಮ್ಮ ಕಾಲದಲ್ಲಿ .303. ಅದರ ಒದೆತ ಭುಜಕ್ಕೆ ಸರಿಯಾಗಿ ಒತ್ತಿ ಹಿಡಿಯದಿದ್ದರೆ ಮೂರು ದಿನ ನೀಲಿ. ಈಗ ಇನ್ಸಾಸ್ ರೈಫಲು ಜಾಸ್ತಿ, 5.56 ಮಿಲಿಮೀಟರ್ ಗುಂಡು, ಒದೆತ ಎಷ್ಟೋ ವಾಸಿ. ಆದರೂ ತೂಕ ನಾಲ್ಕು ಕೆಜಿಗೆ ಮೇಲೆ. ಗುರಿಗಿಂತ ಮುಖ್ಯ ಒಂದಿದೆ: ಹಾರಿಸಿದ ಪ್ರತಿ ಗುಂಡಿನ ಖಾಲಿ ತೋಟಾ ಎಣಿಸಿ ವಾಪಸ್ ಕೊಡಬೇಕು. ಒಂದು ಕಡಿಮೆ ಬಂದರೂ ಇಡೀ ಸ್ಕ್ವಾಡು ಮಂಡಿಯೂರಿ ಹುಲ್ಲಿನಲ್ಲಿ ಹುಡುಕುತ್ತದೆ, ಕತ್ತಲಾದರೂ ಸರಿ. ನಾವೊಮ್ಮೆ ರಾತ್ರಿ ಎಂಟರ ತನಕ ಹುಡುಕಿದೆವು. ಕಡೆಗೆ ಒಬ್ಬನ ಶರ್ಟಿನ ಮಡಿಸಿದ ತೋಳಿನೊಳಗೆ ಸಿಕ್ಕಿತು. ಅವನಿಗೇ ಗೊತ್ತಿರಲಿಲ್ಲ.

ಅಶ್ರುವಾಯು ಅಭ್ಯಾಸದ ದಿನ ಕಣ್ಣು ಉಜ್ಜಬೇಡಿ. ಉಜ್ಜಿದಷ್ಟೂ ಉರಿ. ಗಾಳಿ ಬರುವ ಕಡೆ ಮುಖ ಮಾಡಿ ನಿಂತು, ನೀರು ಸುರಿದುಕೊಳ್ಳಿ.

ಮೊಬೈಲ್ ಬಗ್ಗೆ ಒಂದೊಂದು ಶಾಲೆಯದು ಒಂದೊಂದು ನಿಯಮ. ಹಗಲು ಕೈಯಲ್ಲಿ ಇರುವುದಿಲ್ಲ ಅನ್ನೋದಂತೂ ಖಂಡಿತ. ಸಂಜೆ ಒಂದಿಷ್ಟು ಹೊತ್ತು, ಅಥವಾ ಭಾನುವಾರ ಕೊಡುತ್ತಾರೆ. ಕದ್ದು ಎರಡನೇ ಫೋನ್ ಇಟ್ಟುಕೊಳ್ಳುವ ಐಡಿಯಾ ಪ್ರತಿ ಬ್ಯಾಚಿನಲ್ಲೂ ಯಾರಿಗಾದರೂ ಬರುತ್ತದೆ, ಸಿಕ್ಕಿಬೀಳುತ್ತಾರೆ. ಮೈದಾನದಲ್ಲಿ ರೀಲ್ಸ್ ಮಾಡಲು ಹೋಗಬೇಡಿ, ಯೂನಿಫಾರ್ಮಿನಲ್ಲಿ ಅಂತೂ ಬೇಡವೇ ಬೇಡ. ಅಮ್ಮನಿಗೆ ಶಾಲೆಯ ಆಫೀಸ್ ನಂಬರು ಬರೆದುಕೊಟ್ಟು ಹೋಗಿ, ತುರ್ತು ಇದ್ದರೆ ಅಲ್ಲಿಗೆ ಮಾಡಲಿ.

ಕೊನೆಯ ತಿಂಗಳು ಪೂರ್ತಿ ನಿರ್ಗಮನ ಪಥಸಂಚಲನದ ತಾಲೀಮು. ಬಿಸಿಲಿನಲ್ಲಿ ಗಂಟೆಗಟ್ಟಲೆ ನಿಲ್ಲುವಾಗ ಮೊಣಕಾಲು ಬಿಗಿ ಹಿಡಿದು ನಿಂತರೆ ರಕ್ತ ಕಾಲಲ್ಲೇ ನಿಂತು ಕಣ್ಣು ಕತ್ತಲೆ ಬರುತ್ತದೆ. ಬೂಟಿನೊಳಗೆ ಬೆರಳು ಆಡಿಸುತ್ತಾ ಇರಿ, ಯಾರಿಗೂ ಕಾಣುವುದಿಲ್ಲ. ಟೋಪಿ ವಿಷಯದಲ್ಲಿ ನೀವು ಅದೃಷ್ಟವಂತರು. ನಾವೆಲ್ಲ ತಲೆ ಮೇಲೆ ಹೊತ್ತ, ಒಂದು ಬದಿ ಮಡಚಿದ ಸ್ಲೌಚ್ ಹ್ಯಾಟು ಮಳೆಯಲ್ಲಿ ನೆನೆದರೆ ಕಲ್ಲಿನ ಭಾರ, ಲಾಠಿ ಬೀಸಿದರೆ ಮೊದಲು ಅದೇ ಹಾರುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಅದರ ಬದಲು ಕಡುನೀಲಿ ಪೀಕ್ ಕ್ಯಾಪ್ ಕೊಡಲು ಶುರು ಮಾಡಿದರು.

ಒಯ್ಯಬೇಕಾದ್ದರ ಪಟ್ಟಿ ಅವರೇ ಕೊಡುತ್ತಾರೆ. ಅದರಲ್ಲಿ ಇಲ್ಲದ್ದು ನಾನು ಹೇಳುತ್ತೇನೆ: ಹತ್ತಿಯ ಕಾಲುಚೀಲ ಎಂಟು ಜೊತೆ, ಕಾಲಿನ ಬೊಬ್ಬೆಗೆ ಹಚ್ಚೋಕೆ ಮುಲಾಮು ಮತ್ತು ಬಟ್ಟೆಯ ಟೇಪು, ಸೇಫ್ಟಿ ಪಿನ್ನು ಒಂದು ಡಬ್ಬಿ, ಸೂಜಿದಾರ, ಕೂದಲಿಗೆ ಕಪ್ಪು ಬಲೆ, ಒಂದು ಸಣ್ಣ ಬೀಗ. ಸೂಜಿದಾರ ಹಿಡಿಯೋಕೆ ಬರುವವರು ಬ್ಯಾರಕ್‌ನಲ್ಲಿ ಕಡಿಮೆ. ಗುಂಡಿ ಕಿತ್ತ ರಾತ್ರಿ ಎಲ್ಲರೂ ನಿಮ್ಮ ಮಂಚದ ಹತ್ತಿರವೇ ಬರುತ್ತಾರೆ, ನೋಡುತ್ತಿರಿ.

ಇನ್ನು ಅಮ್ಮ. ಶುರುವಿನ ಕೆಲವು ವಾರ ಹೊರಗೆ ಬಿಡುವುದಿಲ್ಲ. ಆಮೇಲೂ ಪ್ರತಿ ಭಾನುವಾರ ಮನೆಗೆ ಅನ್ನೋದು ಆಗದ ಮಾತು. ಬೆಳಗ್ಗೆ ಶ್ರಮದಾನ ಇರುತ್ತದೆ, ಆವರಣ ಗುಡಿಸಿ, ಕಳೆ ಕಿತ್ತು, ಬಟ್ಟೆ ಒಗೆಯುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಔಟ್‌ಪಾಸ್ ಸಿಕ್ಕರೆ ಸಂಜೆ ರೋಲ್ ಕಾಲ್‌ಗೆ ವಾಪಸ್ ಇರಬೇಕು. ಥಣಿಸಂದ್ರ ಸಿಕ್ಕರೆ ಲಗ್ಗೆರೆಗೆ ಹೋಗಿಬರಬಹುದು, ಖಾನಾಪುರವಾದರೆ ಹಬ್ಬಕ್ಕೆ ರಜೆ ಸಿಕ್ಕಾಗಲೇ. ಆದರೆ ಭಾನುವಾರ ಅವರೇ ನೋಡೋಕೆ ಬರಬಹುದು. ಗೇಟಿನ ಹತ್ತಿರ ಮರದ ಕೆಳಗೆ ಡಬ್ಬಿ ಬಿಚ್ಚಿಕೊಂಡು ಕೂತ ತಾಯಂದಿರು ಪ್ರತಿ ಶಾಲೆಯಲ್ಲೂ ಇರುತ್ತಾರೆ. ಮೊದಲ ಸಲ ಬಂದಾಗ ನಿಮ್ಮ ಸುಟ್ಟ ಮುಖ ನೋಡಿ ಅವರು ಅಳೋದು ಗ್ಯಾರಂಟಿ, ಮೊದಲೇ ಫೋನಿನಲ್ಲಿ ಹೇಳಿಬಿಡಿ. ಕೋಡುಬಳೆ, ಚಕ್ಕುಲಿ ಏನಾದರೂ ಮಾಡಿ ತರುವುದಾದರೆ ದೊಡ್ಡ ಡಬ್ಬಿಯಲ್ಲೇ ತರಲಿ. ಒಳಗೆ ನಲವತ್ತು ಜನ ಇರುತ್ತಾರೆ, ಬೀಗ ಹಾಕಿಟ್ಟರೂ ವಾಸನೆ ಹಿಡಿದು ಬರುತ್ತಾರೆ.